ಹತ್ತು ನಿಮಿಷದ ಪಾಸು

ಗಿರಾಕಿಗಳಿಂದ ವಾಪಸು ಬಂದ ಇಂಟರ್ನೆಟ್ ರೌಟರಿನ ಮುಚ್ಚಳ ತೆಗೆದರೆ ಮೊದಲು ಮೂಗಿಗೆ ಹೊಡೆಯುವುದು ವಾಸನೆ. ಯಾರದೋ ಅಡುಗೆಮನೆಯ ಜಿಡ್ಡು, ಯಾರದೋ ಸಿಗರೇಟು, ಸುಟ್ಟ ಪ್ಲಾಸ್ಟಿಕ್ಕು, ಎಲ್ಲ ಸೇರಿದ ವಾಸನೆ. ಆಮೇಲೆ ಜಿರಲೆ. ಬೆಚ್ಚಗಿನ ಡಬ್ಬದೊಳಗೆ ಸಂಸಾರ ಹೂಡಿ, ಮಕ್ಕಳುಮರಿ ಸಮೇತ ಅಲ್ಲೇ ಸತ್ತುಬಿದ್ದ ಜಿರಲೆಗಳು. ಅವನ್ನು ಬ್ರಷ್ಷಿನಿಂದ ಗುಡಿಸಿ, ಸ್ಪಿರಿಟ್ ಹಾಕಿ ಒರೆಸಿ, ಡಬ್ಬಕ್ಕೆ ಕರೆಂಟು ಕೊಟ್ಟು ಹತ್ತು ನಿಮಿಷ ಕಾಯುವುದು ಅವಳ ಕೆಲಸ. ಹತ್ತು ನಿಮಿಷ ಹಸಿರು ದೀಪ ಉರಿದರೆ ಪಾಸು. ಪಾಸಾದದ್ದಕ್ಕೆ ಹೊಸ ಮುಚ್ಚಳ, ಹೊಸ ಸ್ಟಿಕ್ಕರು, ಹೊಸ ಪೆಟ್ಟಿಗೆ. ಮತ್ತೆ ಅಂಗಡಿಗೆ, ಹೊಚ್ಚಹೊಸ ಮಾಲು ಎಂಬ ಹೆಸರಿನಲ್ಲಿ. ಹೊರಗೆ ಥಳಕು, ಒಳಗೆ ಹುಳುಕು ಎಂಬ ಗಾದೆ ಕಟ್ಟಿದವರು ಕಂಪೆನಿಯ ಈ ರಿಪೇರಿ ಶೆಡ್ಡಿಗೆ ಬಂದು ಹೋಗಿರಬೇಕು.

ಆ ಅಗ್ಗದ ಡಬ್ಬಗಳು ಹತ್ತು ನಿಮಿಷಕ್ಕೆ ಸಾಯುವುದಿಲ್ಲ. ಕಾದು ಕಾದು, ಅರ್ಧ ಗಂಟೆ ದಾಟಿದ ಮೇಲೆ ಕಣ್ಣು ಮುಚ್ಚುತ್ತವೆ. ತಣ್ಣಗಾದ ಮೇಲೆ ಏನೂ ಆಗಿಲ್ಲವೆಂಬಂತೆ ಎದ್ದು ಕೂರುತ್ತವೆ. ಇದು ಶೆಡ್ಡಿನಲ್ಲಿ ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಆರು ವರ್ಷದಲ್ಲಿ ಅವಳ ಕೈಯಲ್ಲಿ ಫೇಲಾದವು ಬೆರಳೆಣಿಕೆಯಷ್ಟು. ಜೊತೆಯವರು ಅವಳನ್ನು 'ಪಾಸಕ್ಕ' ಎಂದು ಕರೆಯುತ್ತಿದ್ದರು, ಅವಳೂ ನಗುನಗುತ್ತಾ ಓಗೊಡುತ್ತಿದ್ದಳು. ಆ ನಗುವನ್ನು ಈಗ ನೆನೆದರೆ ಅವಳಿಗೇ ಹೇಸಿಗೆಯಾಗುತ್ತದೆ.

ಪಾಸು ಮಾಡಿದ ಡಬ್ಬದ ಬೋರ್ಡಿನ ಮೂಲೆಯಲ್ಲಿ ಉಗುರುಬಣ್ಣದ ಒಂದು ಚುಕ್ಕಿ ಇಡುವುದು ಅವಳ ರೂಢಿ. ಮುಂದೆ ತಕರಾರು ಬಂದರೆ ತಾನು ನೋಡಿದ್ದು ಯಾವುದೆಂದು ಗೊತ್ತಿರಲಿ ಎಂದು. ಬಣ್ಣದ ಸೀಸೆ ತಂಗಿ ಹುಟ್ಟುಹಬ್ಬಕ್ಕೆ ಕೊಟ್ಟದ್ದು, ಕಡುಗೆಂಪು. ದಿನವಿಡೀ ಸ್ಪಿರಿಟ್ಟಿನಲ್ಲಿ ಅದ್ದುವ ಉಗುರಿಗೆ ಬಣ್ಣ ಎಲ್ಲಿ ನಿಲ್ಲುತ್ತದೆ? ಸೀಸೆ ಕೆಲಸದ ಮೇಜಿಗೆ ಬಂದಿತ್ತು. ಮರಳಿ ಬಂದ ಡಬ್ಬದಲ್ಲಿ ತನ್ನ ಹಳೆಯ ಚುಕ್ಕಿ ಕಂಡರೆ ಪಕ್ಕದಲ್ಲಿ ಇನ್ನೊಂದು ಇಡುತ್ತಿದ್ದಳು. ಪಾಸು ಮಾಡಿದ್ದು ಏಕೆ ಮರಳಿ ಬಂತೆಂದು ಕೇಳುವ ಗೋಜಿಗೆ ಹೋಗುತ್ತಿರಲಿಲ್ಲ.

ತಂಗಿ ಗಣಿತದ ಟೀಚರು. ಕಲಿಸುತ್ತಿದ್ದ ಶಾಲೆ ಮುಚ್ಚಿ ಎಂಟು ತಿಂಗಳಾಗಿತ್ತು. ಈಗ ಮನೆಯಿಂದಲೇ ಕಲಿಸುವ ಆನ್‌ಲೈನ್ ಶಾಲೆಯೊಂದು ಅವಳನ್ನು ಪರೀಕ್ಷೆಗೆ ಕರೆದಿತ್ತು: ಮೂವರು ಪರೀಕ್ಷಕರ ಎದುರು ಒಂದು ಮಗುವಿಗೆ ನಲವತ್ತೈದು ನಿಮಿಷದ ಪಾಠ. ಅದಕ್ಕಾಗಿಯೇ ಹೊಸ ರೌಟರು ತಂದಿದ್ದಳು. ತರುವ ಮೊದಲು, “ಅಕ್ಕ, ನಿಮ್ಮ ಕಂಪೆನಿದೇ ತಗೊಳ್ಲಾ?” ಎಂದು ಕೇಳಿದ್ದಳು. “ತಗೋ, ಪರವಾಗಿಲ್ಲ,” ಎಂದಿದ್ದಳು ಪಾಸಕ್ಕ, ತಲೆ ಎತ್ತದೆ.

ಪರೀಕ್ಷೆಯಿದ್ದ ಮಂಗಳವಾರ ಸಂಜೆ ತಂಗಿಯ ಮನೆಗೆ ಹೋದಾಗ ಅವಳ ಕಣ್ಣು ಊದಿಕೊಂಡಿತ್ತು.

“ಭಿನ್ನರಾಶಿ ಹೇಳಿಕೊಡ್ತಿದ್ದೆ ಅಕ್ಕ. ಮಗು ಇನ್ನೇನು ಉತ್ತರ ಹೇಳ್ಬೇಕು, ನೆಟ್ಟು ಹೋಯ್ತು. ಅವರ ಪರದೆ ಮೇಲೆ ನಾನು ಬಾಯಿ ಬಿಟ್ಕೊಂಡು ನಿಂತೇಬಿಟ್ಟಿದ್ನಂತೆ. ಆ ಮುಖ ನೋಡ್ಕೊಂಡು ಕೂತಿದ್ರಂತೆ ಮೂರೂ ಜನ.”

“ಇನ್ನೊಂದ್ಸಲ ಅವಕಾಶ ಕೊಡಲ್ವಂತಾ?”

“ಯಂತ್ರದ್ದೇ ತಪ್ಪು ಅಂತ ಕಂಪೆನಿಯವರೇ ಬರೆದುಕೊಟ್ರೆ ಕೊಡ್ತಾರಂತೆ. ನಾಳೆ ಸಂಜೆ ಆರರೊಳಗೆ.” ತಂಗಿ ರೌಟರನ್ನು ಮೇಜಿನ ಮೇಲೆ ಕುಕ್ಕಿದಳು. “ಇಂಥದ್ದನ್ನ ನೋಡಿ ನೋಡಿ ಪಾಸು ಮಾಡಿ ಕಳಿಸ್ತಾರಲ್ಲ, ಎಂಥಾ ಮನೆಹಾಳರು ಅಕ್ಕ ಅವರು?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಪಾಸಕ್ಕ ತನ್ನ ಬೆರಳುಗಳನ್ನು ಚೀಲದ ಕೆಳಗೆ ಸರಿಸಿದಳು. “ಕೊಡು ಇಲ್ಲಿ, ನಾನು ಬರೆಸ್ಕೊಂಡು ಬರ್ತೀನಿ,” ಎಂದಳು.

ಬೆಳಿಗ್ಗೆ ಶೆಡ್ಡಿನಲ್ಲಿ ಮುಚ್ಚಳ ತೆಗೆದಳು. ಬೋರ್ಡಿನ ಮೂಲೆಯಲ್ಲಿ ಸಾಲಾಗಿ ಮೂರು ಕೆಂಪು ಚುಕ್ಕಿ. ಮೊದಲನೆಯದು ಮಾಸಿತ್ತು, ಮೂರನೆಯದು ಇನ್ನೂ ಹೊಳೆಯುತ್ತಿತ್ತು. ಬೋರ್ಡಿನ ಸಂದಿಯಲ್ಲಿ, ಅವಳ ಬ್ರಷ್ಷು ಬಿಟ್ಟುಹೋದ ಒಂದು ಜಿರಲೆಯ ಕಾಲು. ತಂಗಿಯ ಪಾಠ ಕೆಡಿಸಿದ ಪಾಪಿಯನ್ನು ಹುಡುಕಲು ಅವಳು ಎಲ್ಲಿಗೂ ಹೋಗಬೇಕಾಗಿರಲಿಲ್ಲ.

ಕರೆಂಟು ಕೊಟ್ಟು ಕುಳಿತಳು. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಪರೀಕ್ಷಿಸಬೇಕಾದ ಡಬ್ಬಗಳು ಪಕ್ಕದಲ್ಲಿ ರಾಶಿ ಬಿದ್ದವು. ಸೂಪರ್‌ವೈಸರ್ ಬಂದು ನಿಂತ.

“ಏನು ಪಾಸಕ್ಕ, ಮೊಟ್ಟೆಗೆ ಕಾವು ಕೊಡ್ತಿದೀರಾ? ಹಸಿರು ದೀಪ ಉರೀತಿದೆಯಲ್ಲ, ಎತ್ತಿ ಆಚೆಗಿಡಿ.”

“ಇನ್ನೂ ಸ್ವಲ್ಪ ಹೊತ್ತು ಉರೀಲಿ ಸರ್.”

ಮೂವತ್ತೆಂಟನೆಯ ನಿಮಿಷಕ್ಕೆ ದೀಪ ಕೆಂಪಾಯಿತು. ಪಾಸಕ್ಕ ಡ್ರಾಯರಿನ ತಳದಿಂದ ಫೇಲ್ ಚೀಟಿಯ ಪುಸ್ತಕ ಎಳೆದಳು. ಅದರ ಮೇಲೆ ಬೆರಳು ದಪ್ಪದ ಧೂಳು. ಅದನ್ನು ಕಂಡದ್ದೇ ಸೂಪರ್‌ವೈಸರನ ದನಿ ತಗ್ಗಿತು.

“ತಲೆ ಕೆಟ್ಟಿದೆಯಾ ನಿಮಗೆ? 'ಈ ಮೊದಲು ಪಾಸು ಮಾಡಿದವರು' ಅಂತ ಒಂದು ಕಾಲಂ ಇದೆ ಅದ್ರಲ್ಲಿ, ನೋಡಿದೀರಾ? ನಿಮ್ಮ ತಲೆ ಮೇಲೆ ನೀವೇ ಚಪ್ಪಡಿ ಎಳ್ಕೋತಿದೀರಿ.”

“ಹತ್ತೇ ನಿಮಿಷ ಅಂದೋರು ನೀವು.”

“ನಾನು ಬಾಯಲ್ಲಿ ಅಂದೆ. ಚುಕ್ಕಿ ಇಟ್ಟೋರು ಯಾರು?”

ಅಂಥವನ ಬಾಯಲ್ಲಿ ಸತ್ಯ ಕೇಳಬೇಕಾಗಿ ಬಂದದ್ದು ಅವಳಿಗೆ ಎಲ್ಲಕ್ಕಿಂತ ಅಸಹ್ಯವೆನಿಸಿತು. ಆ ಕಾಲಮ್ಮಿನಲ್ಲಿ ತನ್ನ ಹೆಸರು ಬರೆದಳು. ಕೆಳಗೆ ಮತ್ತೆ ಬರೆದಳು, ಅದರ ಕೆಳಗೆ ಮತ್ತೊಮ್ಮೆ. ಫೇಲ್ ಮೊಹರು ಬಳಸದೆ ಒಣಗಿಹೋಗಿತ್ತು. ಥೂ ಎಂದು ಅದರ ಮೇಲೆ ಉಗಿದು, ಚೀಟಿಗೆ ಒತ್ತಿದಳು.

“ನಾಳೆಯಿಂದ ಬರೋದು ಬೇಡ,” ಎಂದ ಸೂಪರ್‌ವೈಸರ್.

ಪಾಸಕ್ಕ ಚೀಟಿ, ರೌಟರು, ಬಣ್ಣದ ಸೀಸೆ ಮೂರನ್ನೂ ಚೀಲಕ್ಕೆ ಹಾಕಿಕೊಂಡು ಹೊರಬಿದ್ದಳು.

ಐದು ಗಂಟೆಗೆ ತಂಗಿ ಬಾಗಿಲಲ್ಲೇ ಚೀಟಿ ಕಿತ್ತುಕೊಂಡಳು. ಮೊಹರು ಕಂಡದ್ದೇ ತಡ, ಪೂರ್ತಿ ಓದದೆ ಫೋಟೋ ತೆಗೆದು ಶಾಲೆಗೆ ಕಳಿಸಿದಳು. ಕಾಲು ಗಂಟೆಯಲ್ಲಿ ಉತ್ತರ ಬಂತು: ಶುಕ್ರವಾರ ನಾಲ್ಕಕ್ಕೆ ಮತ್ತೊಮ್ಮೆ ಪಾಠ. ತಂಗಿ ಅಕ್ಕನ ಕೊರಳು ತಬ್ಬಿ ಕುಣಿದಳು. ಪಾಸಕ್ಕನಿಗೆ ಅಷ್ಟಕ್ಕೇ ಅಲ್ಲಿಂದ ಹೋಗಿಬಿಡಬೇಕೆನಿಸಿತು. ಹೋಗಲಿಲ್ಲ.

ತಂಗಿ ಕುಳಿತು ಚೀಟಿಯನ್ನು ನಿಧಾನವಾಗಿ ಓದಿದಳು. ಟೀಚರಲ್ಲವೇ, ಕಾಲಂ ಬಿಡದೆ ಓದಿದಳು. ಆಮೇಲೆ ರೌಟರಿನ ಮುಚ್ಚಳ ಸರಿಸಿ ನೋಡಿದಳು.

“ಮೂರು ಸಲವೂ ನೀನೇನಾ?”

“ಹೂಂ.”

“ಮೊದಲ್ನೇ ಚುಕ್ಕಿ ನೋಡಿ ಎರಡನೇದು ಇಟ್ಯಾ? ಎರಡೂ ನೋಡಿ ಮೂರನೇದು ಇಟ್ಯಾ?”

ಹತ್ತು ನಿಮಿಷದ ನಿಯಮ, ಸೂಪರ್‌ವೈಸರ್, ಕಳೆದುಕೊಂಡ ಕೆಲಸ, ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲವನ್ನೂ ಬದಿಗಿಟ್ಟಳು.

“ಹೂಂ,” ಎಂದಳು.

“ಈ ಬಣ್ಣ ನಾನು ಕೊಟ್ಟಿದ್ದಲ್ವಾ? ಎಲ್ಲಿದೆ ಅದು?”

ಪಾಸಕ್ಕ ಚೀಲದಿಂದ ಸೀಸೆ ತೆಗೆದು ಚಾಚಿದಳು. ತಂಗಿ ಸತ್ತ ಜಿರಲೆ ಎತ್ತುವಂತೆ ಅದನ್ನು ಎರಡೇ ಬೆರಳಿನಲ್ಲಿ ಹಿಡಿದು ಕಸದ ಬುಟ್ಟಿಗೆ ಹಾಕಿದಳು. ಕೈ ತೊಳೆಯಲು ಒಳಗೆ ಹೋದಳು. ನಲ್ಲಿ ಬಹಳ ಹೊತ್ತು ಸುರಿಯುತ್ತಲೇ ಇತ್ತು.