ಗೊತ್ತಾಗದ ಬೆರಳು

ಮೂರು ತಿಂಗಳಾದ ಮೇಲೆ ಪುಷ್ಪಾವತಿ ಕಾಪು ಮೀನು ಮಾರ್ಕೆಟಿನ ತನ್ನ ಜಾಗದಲ್ಲಿ ಮತ್ತೆ ಕೂತಳು. ಬಲಗಾಲಿನ ಹೆಬ್ಬೆರಳ ಬುಡದ ಗಂಟನ್ನು ಉಡುಪಿಯ ಆಸ್ಪತ್ರೆಯಲ್ಲಿ ಆಪರೇಶನ್ ಮಾಡಿಸಿ ತೆಗೆಸಿದ್ದಳು. ದೊಡ್ಡ ಗಾಯವೇನಿಲ್ಲ, ಮೂರು ಸಣ್ಣ ತೂತು, ಅಷ್ಟೆ. ಓರೆಯಾಗಿದ್ದ ಬೆರಳು ನೆಟ್ಟಗಾಗಿತ್ತು. ನೋವಿರಲಿಲ್ಲ. ನೋವು ಮಾತ್ರ ಅಲ್ಲ, ಬೆರಳಿನ ಒಳಬದಿಯಲ್ಲಿ ಯಾವ ಅರಿವೂ ಇರಲಿಲ್ಲ.

ಮೆಟ್ಟುಕತ್ತಿಯ ಹಲಗೆಯನ್ನು ಕಾಲಿನಲ್ಲಿ ಒತ್ತಿ ಹಿಡಿದು, ನಿಂತ ಅಲಗಿಗೆ ಮೀನು ತಳ್ಳಿ ಕೊಯ್ಯುವುದು ಅವಳ ಮೂವತ್ತು ವರ್ಷದ ಕೆಲಸ. ಅಲಗು ಎಷ್ಟು ಹತ್ತಿರ ಉಂಟು ಎಂದು ಕಣ್ಣು ನೋಡುವುದಿಲ್ಲ, ಹೆಬ್ಬೆರಳು ಹೇಳುತ್ತದೆ. ಕೊಯ್ದು ಕೊಡದವಳ ಹತ್ತಿರ ಮೀನು ಕೊಳ್ಳುವವರು ಯಾರು?

ನಾಲ್ಕನೇ ಬಂಗುಡೆ ಕೊಯ್ಯುವಾಗ ಗಿರಾಕಿ ಬರ್ತಾಬಾಯಿ ಬಗ್ಗಿ ನೋಡಿದರು.

"ಪುಷ್ಪಕ್ಕ, ಅದು ಮೀನಿನ ರಕ್ತ ಅಲ್ಲ ಮಾರಾಯ್ತಿ."

ಪುಷ್ಪಾವತಿ ಕಾಲಿಗೆ ನೀರು ಹೊಯ್ದಳು. ಮತ್ತೆ ಕೆಂಪಾಯಿತು. ಪಕ್ಕದಲ್ಲಿ ತೂಕ ಮಾಡುತ್ತಿದ್ದ ಸೊಸೆ ಕಾವ್ಯ ಬಟ್ಟೆ ಒತ್ತಿ ಹಿಡಿದಳು.

"ಮಾಮಿ, ಉರಿಯಲಿಲ್ವಾ?"

"ಎಂತದೂ ಇಲ್ಲ."

"ಯಾವಾಗಿಂದ ಹೀಗೆ?"

"ಪಟ್ಟಿ ಬಿಚ್ಚಿದ ದಿನದಿಂದ."

"ಡಾಕ್ಟರು ಕೇಳಿದಾಗ ಎಲ್ಲ ಸರಿಯಾಗಿದೆ ಅಂದ್ರಲ್ಲ ನೀವು."

"ಅಷ್ಟು ಚೆಂದ ಮಾಡಿಕೊಟ್ಟವರ ಮುಖಕ್ಕೆ ಹೇಗೆ ಹೇಳುವುದು?"

"ಒಳ್ಳೆಯ ಮರ್ಯಾದೆ," ಎಂದರು ಬರ್ತಾಬಾಯಿ. "ಬೆರಳು ಹೋದರೂ ಥ್ಯಾಂಕ್ಸ್ ಹೇಳಿ ಬರುತ್ತೀಯೇನೋ."

ಕಾವ್ಯ ಆಸ್ಪತ್ರೆಗೆ ಫೋನ್ ಹಚ್ಚಿ ಅತ್ತೆಯ ಕಿವಿಗೆ ಹಿಡಿದಳು. ಈ ಸಲ ಪುಷ್ಪಾವತಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಡಾಕ್ಟರು ಪೂರ್ತಿ ಕೇಳಿ ಹೇಳಿದರು:

"ತೂತಿನಿಂದ ಆಪರೇಶನ್ ಮಾಡುವಾಗ ಚರ್ಮದ ಕೆಳಗಿನ ಸಣ್ಣ ನರ ಕಾಣುವುದಿಲ್ಲ, ಪೆಟ್ಟಾಗಬಹುದು ಎಂದು ಮೊದಲೇ ಹೇಳಿದ್ದೆ, ನೆನಪುಂಟಾ? ನೀವು ಹೇಳಬೇಕಿತ್ತಮ್ಮ. ಈಗಲೇ ಬನ್ನಿ, ಗಾಯ ನೋಡಬೇಕು. ಕೆಲವರಿಗೆ ಅರಿವು ತಿಂಗಳುಗಳಲ್ಲಿ ವಾಪಸು ಬರುತ್ತದೆ. ಕೆಲವರಿಗೆ ಬರುವುದಿಲ್ಲ. ಅಲ್ಲಿವರೆಗೆ ಆ ಕಾಲು ಕತ್ತಿಯ ಹತ್ತಿರ ಬೇಡ."

"ಆಯ್ತು," ಎಂದಳು. ಅಳು ಬರುತ್ತದೆಂದು ಕಾದಳು. ಬರಲಿಲ್ಲ.

ಕಾವ್ಯ ಹಲಗೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ಅವಳು ಮನೆಯಲ್ಲಿ ಬಿಟ್ಟರೆ ಮಾರ್ಕೆಟಿನಲ್ಲಿ ಮೀನು ಕೊಯ್ದವಳಲ್ಲ. ಮೊದಲ ಬಂಗುಡೆ ಓರೆಯಾಗಿ ತುಂಡಾಯಿತು. ಬರ್ತಾಬಾಯಿ ಆ ತುಂಡುಗಳಿಗೇ ಚೀಲ ತೆರೆದು ಹಿಡಿದರು.

ಪುಷ್ಪಾವತಿ ಎದ್ದು, ಬಟ್ಟೆ ಸುತ್ತಿದ ಕಾಲನ್ನು ನೆಲಕ್ಕೆ ಊರಿ, ರಿಕ್ಷಾ ನಿಲ್ಲುವ ಕಡೆಗೆ ಒಬ್ಬಳೇ ನಡೆದಳು.