ಬಿಳಿಯ ಪಾತಿಯಲ್ಲಿ ನೇರಳೆ ಐರಿಸ್

ಶ್ರೀರಾಂಪುರದ ನಮ್ಮ ಮನೆಯ ಮುಂದೆ ಗೆಡ್ಡೆಯಿಂದ ಬೆಳೆಯುವ ಐರಿಸ್ ಹೂಗಳ ಒಂದು ಪಾತಿಯಿದೆ. ನನ್ನ ಹೆಂಡತಿ ಶಾರದ ನೆಟ್ಟದ್ದು, ಎಲ್ಲವೂ ಬಿಳಿ. ಅವಳು ತೀರಿಹೋದ ಮೇಲೆ ಪಾತಿ ಅವಳು ಬಿಟ್ಟಂತೆಯೇ ಇರಬೇಕೆಂದು ಹಟ ಹಿಡಿದಿದ್ದೆ. ನಾಳೆಗೆ ವರ್ಷ ತುಂಬುತ್ತದೆ. ಇವತ್ತು ಬೆಳಿಗ್ಗೆ ಪೂಜೆಗೆ ಹೂ ಬಿಡಿಸಲು ಹೋದರೆ, ಬಿಳಿಯ ನಡುವೆ ಒಂದು ಕಡು ನೇರಳೆ ಹೂ! ಕರೆಯದಿದ್ದರೂ ಮೊದಲ ಪಂಕ್ತಿಯಲ್ಲಿ ಕೂತ ನೆಂಟನಂತಿತ್ತು.

"ಮುದ್ದಮ್ಮ, ಇದನ್ನು ಬುಡಸಮೇತ ಕಿತ್ತುಹಾಕು" ಎಂದೆ.

ಹತ್ತು ವರ್ಷದಿಂದ ನಮ್ಮ ಗಿಡಗಳನ್ನು ನೋಡಿಕೊಳ್ಳುವ ಮುದ್ದಮ್ಮ ಗುದ್ದಲಿ ಎತ್ತಲಿಲ್ಲ.

"ನೀವೇ ನೆಟ್ಬುಟ್ಟು ನನ್ ಕೈಲಿ ಕೀಳುಸ್ತೀರಲ್ಲ ಅಯ್ನೋರೆ!"

"ನಾನೇ? ನನಗೆ ಗುದ್ದಲಿ ಹಿಡಿಯೋಕೇ ಬರೋಲ್ಲ ಕಣಮ್ಮ."

"ಓದ್ ವರ್ಸ ಸೂತ್ಕ ಕಳ್ದು ದೇವರಮನೆ ತೊಳ್ದಾಗ, ಹಳೇ ಬಜೆ ಬೇರು ಅಂತ ಒಂದ್ ತುಂಡು ತಂದು ಇಲ್ಲೇ ಊತಾಕಿದ್ರಲ್ಲ, ಮರ್ತೋಯ್ತಾ?"

ನೆನಪಾಯಿತು. ದೇವರ ಮುಂದಿದ್ದದ್ದು ಕಾಲು ತುಳಿಯುವ ಕಡೆ ಬೀಳಬಾರದೆಂದು, ನಿರ್ಮಾಲ್ಯದ ಹೂಗಳ ಜೊತೆ ಈ ಪಾತಿಯಲ್ಲೇ ಹೂತಿದ್ದೆ.

"ಅದು ಬಜೆ ಅಲ್ಲ, ಈ ನೇರಳೆ ಹೂವಿನ ಗೆಡ್ಡೆ. ಸಿದ್ಧಾರ್ಥನಗರದಲ್ಲಿ ನಾನು ಕೆಲ್ಸ ಮಾಡೋ ಮನೇಲಿ ಕೇಳಿ ತಂದ್ಕೊಟ್ಟಿದ್ದೆ. ಅಮ್ಮಾವ್ರಿಗೆ ಬಣ್ಣದ್ದು ಬೇಕಿತ್ತು."

"ಬಿಳಿ ಅಂದರೆ ಅವಳಿಗೆ ಪ್ರಾಣ!"

"ನಿಮ್ಗೆ ಪ್ರಾಣ. 'ಇವರು ಒಪ್ಪೋಲ್ಲ ಮುದ್ದಮ್ಮ, ಮೊದಲು ದೇವರ ಅಪ್ಪಣೆ ಕೇಳ್ತೀನಿ' ಅಂತ ದೇವರ ಮುಂದೆ ಮಡಗಿದ್ರು. ಅಷ್ಟ್ರಲ್ಲಿ ಅವ್ರೇ ಓಗ್ಬುಟ್ರು."

"ಹೂಳುವಾಗಲೇ ಹೇಳಬಾರದಿತ್ತೇ?"

"ಏಳಿದ್ರೆ ಆಗ್ಲೇ ಕಿತ್ತಾಕ್ತಿದ್ರಿ. ಹೂ ಬುಡ್ಲಿ ಅಂತ ಸುಮ್ಕಿದ್ದೆ."

ನಲವತ್ತೆರಡು ವರ್ಷದ ಸಂಸಾರ. ದೇವರಿಗೆ ಬಿಳಿಯೇ ಶ್ರೇಷ್ಠವೆಂದು ನಾನು ಹೇಳುತ್ತ ಬಂದೆ, ಅವಳು ಹೂಂಗುಟ್ಟುತ್ತ ಬಂದಳು. ಕಣ್ಣು ತುಂಬಿತು, ಜೊತೆಗೇ ನಗುವೂ ಬಂತು. ಅವಳು ಅಪ್ಪಣೆ ಕೇಳಿದ್ದಳು. ಕೇಳಿಸಿಕೊಂಡವನು ನನ್ನ ಕೈಯಿಂದಲೇ ನೆಡಿಸಿದ್ದ.

ನೇರಳೆ ಹೂವನ್ನು ಬಿಡಿಸಿ ಪೂಜೆಯ ತಟ್ಟೆಯಲ್ಲಿಟ್ಟೆ. ಗಿಡದಲ್ಲಿ ಇನ್ನೆರಡು ಮೊಗ್ಗಿದ್ದವು. ನಾಳೆಗೆ ಒಂದಾದರೂ ಅರಳೀತು.

"ಆ ಮನೇಲಿ ಹಳದಿ ಬಣ್ಣದ್ದು ಇದೆಯೇನಮ್ಮ?" ಎಂದು ಕೇಳಿದೆ.

"ಐತೆ. ಈ ಸಲ ಯಾರನ್ನ ಕೇಳಿ ತರ್ಲಿ? ದೇವ್ರನ್ನೋ, ನಿಮ್ಮನ್ನೋ?"

"ತಂದುಕೊಡು, ದೇವರ ಮುಂದೆ ಇಡ್ತೀನಿ. ನನಗೆ ಮಾತ್ರ ಬಜೆ ಅಂತಲೇ ಹೇಳು."