ಅರ್ಧ ಎತ್ತರದ ಶಿಖರ

ಫಲಕದ ಕೊನೆಯ ಸಾಲಿನ ಅಕ್ಷರಕ್ಕೆ ನೆರಳಿದೆ, ಬಲಕ್ಕೆ ಅಂಟಿಕೊಂಡು ಇನ್ನೊಂದು, ಮಂಕಾಗಿ — ಅಕ್ಷರ ಒಂದು ಕಾಣುತ್ತಾ ಸರ್, ಎರಡಾ, ಕಣ್ಣು ಪರೀಕ್ಷಿಸುವ ಹುಡುಗಿ ಕೇಳುತ್ತಾಳೆ, ಒಂದೇ ಎನ್ನುತ್ತೇನೆ, ಯಾಕೆ ಹಾಗೆಂದೆ, ಅಭ್ಯಾಸ — ಮೂಗಿನ ಮೇಲೆ ಲೋಹದ ಚೌಕಟ್ಟಿನ ಭಾರ, ಗಾಜು ಬದಲಾದಾಗಲೆಲ್ಲ ಟಿಕ್ ಎನ್ನುತ್ತದೆ, ಹಿಂದಿನ ಬೆಂಚಿನಲ್ಲಿ ಹೆಂಡತಿ ಕೆಮ್ಮುತ್ತಾಳೆ, ಆ ಕೆಮ್ಮಿನ ಅರ್ಥ ನನಗೆ ಗೊತ್ತು, ಎಲ್ಲ ಎರಡೆರಡು ಕಾಣುತ್ತಿದೆ ಎಂದು ಬೆಳಗ್ಗೆ ಅವಳೆದುರೇ ಹೇಳಿದ್ದೆ, ಆ ಲೇಖನ ಓದುತ್ತಿದ್ದಾಗ, ಎಲ್ಲಿಯೋ ಯಾರೋ ಬರೆದದ್ದು, ಪ್ರಕಟಿಸಬಹುದೇ ಎಂದು ವಿಜ್ಞಾನ ಪತ್ರಿಕೆಯ ಸಂಪಾದಕರು ನನ್ನನ್ನು ಕೇಳಿದ್ದಾರೆ, ಸಂಜೆಯೊಳಗೆ ಅಭಿಪ್ರಾಯ ಕಳಿಸಬೇಕು, ಅದರ ಮೂರನೇ ಚಿತ್ರದಲ್ಲಿ, ಎಕ್ಸ್-ರೇ ಅಳತೆಯ ಗೆರೆಯ ಮೇಲೆ, ಎತ್ತರದ ಒಂದು ಶಿಖರ, ಅದರ ಹೆಗಲಿಗೆ ಅಂಟಿ ಅರ್ಧ ಎತ್ತರದ ಇನ್ನೊಂದು, ಅದು ನನ್ನ ಕಣ್ಣಿನ ದೋಷವಲ್ಲ, ಹನ್ನೆರಡು ವರ್ಷದ ಹಿಂದೆಯೇ ನೋಡಿದ್ದೆ — ನಾನಲ್ಲ, ಅವಳು, ನನ್ನ ವಿದ್ಯಾರ್ಥಿನಿ, ಪ್ರಯೋಗಾಲಯದವರೆಲ್ಲ ಅವಳನ್ನು ಕರೆಯುತ್ತಿದ್ದದ್ದೇ ಭೂತಗನ್ನಡಿ ಎಂದು.

ಲೇಖನದವರು ಈಗ, ಅವಳು ಆಗ ಅಳೆದ ಆ ಹರಳಿನಲ್ಲಿ ಪರಮಾಣುಗಳು ತ್ರಿಕೋನ ತ್ರಿಕೋನವಾಗಿ ಕೂತಿವೆ, ಒಂದೊಂದೂ ಪುಟ್ಟ ಆಯಸ್ಕಾಂತ, ಪಕ್ಕದ್ದು ಮೇಲೆ ಮುಖ ಮಾಡಿದರೆ ತಾನು ಕೆಳಗೇ ಮಾಡಬೇಕೆಂಬ ಹಟ, ಎರಡೇ ಇದ್ದರೆ ಸರಿ, ಮೂರನೆಯದು ಯಾರ ಕಡೆ ಸೇರಬೇಕು, ಹೀಗೆ ತೀರ್ಮಾನವಾಗದೆ ತೊಳಲಾಡುತ್ತವೆ, ಹದಿನಾಲ್ಕು ಕೆಲ್ವಿನ್‌ಗೆ, ಅಂದರೆ ಸೊನ್ನೆಗಿಂತ ಇನ್ನೂರ ಐವತ್ತೊಂಬತ್ತು ಡಿಗ್ರಿ ಕೆಳಕ್ಕೆ ತಣಿಸಿದಾಗ ಹೇಗೋ ಶಿಸ್ತಿಗೆ ಬರುತ್ತವೆ, ಒಂದು ಸಾಲು ಮೇಲೆ, ಒಂದು ಸಾಲು ಕೆಳಗೆ, ಆ ಶಿಸ್ತಿಗಾಗಿ ತ್ರಿಕೋನವೇ ಸೊಟ್ಟಗಾಗುತ್ತದೆ, ಎರಡು ಬದಿ ಒಂದಳತೆ, ಮೂರನೆಯದು ಬೇರೆ, ಆಗ ಎಕ್ಸ್-ರೇ ಚಿತ್ರದಲ್ಲಿ ಒಂದಿದ್ದ ಶಿಖರ ಒಡೆಯಬೇಕು, ಸಮನಾದ ಎರಡು ಬದಿಗಳಿಂದ ಎತ್ತರದ್ದು, ಬೇರೆಯಾದ ಒಂದರಿಂದ ಅದರರ್ಧ — ಅಷ್ಟು ನೇರ, ಆದರೆ ತ್ರಿಕೋನ ಕದಲುವುದೇ ಇಲ್ಲ ಎಂಬ ನನ್ನ ಲೇಖನ ಆ ವರ್ಷವಷ್ಟೇ ಅಚ್ಚಾಗಿತ್ತು, ಶಾಲು ಹೊದಿಸಿಕೊಂಡು ಬಂದಿದ್ದೆ. ಅಳತೆ ತಂದು ತೋರಿಸಿ ಎರಡಿದೆ ಸರ್ ಅಂದಳು ವಿದ್ಯಾರ್ಥಿನಿ. ಎರಡಲ್ಲಮ್ಮ, ಒಂದೇ, ಸ್ವಲ್ಪ ದಪ್ಪ ಆಗಿದೆ ಅಷ್ಟೆ, ಪುಡಿಯನ್ನ ಒತ್ತಿ ಒತ್ತಿ ತುಂಬಿದೀಯ, ಹರಳಿಗೆ ಪೆಟ್ಟಾಗಿದೆ, ಮೊಸರಲ್ಲಿ ಕಲ್ಲು ಹುಡುಕ್ಬೇಡ. ಸಿಕ್ಕಿದೆಯಲ್ಲ ಸರ್ ಅಂದಳು, ನಗದೆ. ಮೂರು ಸಲ ಹೊಸದಾಗಿ ಅರೆದು ಸಡಿಲವಾಗಿ ತುಂಬಿದಳು, ಮೂರು ಸಲವೂ ಹದಿನಾಲ್ಕಕ್ಕೆ ಒಡೆಯಿತು, ಹದಿನೈದಕ್ಕೆ ಏರಿಸಿದರೆ ಕೂಡಿಕೊಂಡಿತು, ಪೆಟ್ಟಿನ ಗಾಯ ಒಂದು ಡಿಗ್ರಿಗೆ ವಾಸಿಯಾಗುತ್ತದೆಯೇ, ಅಷ್ಟು ನನಗೆ ಗೊತ್ತಿತ್ತು, ಗೊತ್ತಿದ್ದೇ ಹೇಳಿದೆ, ಚುಕ್ಕೆಗಳ ಮೇಲೆ ಒಂದೇ ಶಿಖರದ ಗೆರೆ ಎಳಿ ಎಂದು, ಎಳೆದಳು, ಅವಳ ಪ್ರಬಂಧದ ತೊಂಬತ್ತೊಂದನೇ ಪುಟದಲ್ಲಿ ಅಳತೆಯ ಚುಕ್ಕೆಗಳು ಎರಡು ತಲೆಯೆತ್ತಿ ನಿಂತಿವೆ, ನುಣುಪಾದ ಕೆಂಪು ಗೆರೆ ಎರಡನ್ನೂ ಕಾಣದಂತೆ ನಡುವೆ ಹಾದುಹೋಗುತ್ತದೆ, ಚುಕ್ಕೆಗಳನ್ನು ಮಾತ್ರ ಅವಳು ಅಳಿಸಲಿಲ್ಲ — ಪದವಿ ಬಂತು, ಸಂಶೋಧನೆ ಬಿಟ್ಟಳು, ಈಗ ಬಣ್ಣದ ಕಾರ್ಖಾನೆಯಲ್ಲಿದ್ದಾಳಂತೆ, ಈ ಡಬ್ಬಿಯ ನೀಲಿಯೂ ಆ ಡಬ್ಬಿಯ ನೀಲಿಯೂ ಒಂದೇ ಹೌದೋ ಅಲ್ಲವೋ ಹೇಳುವ ಕೆಲಸ, ಅಲ್ಲಿ ಅವಳ ಮಾತು ನಂಬುತ್ತಾರೆ.

ಲೇಖನದವರು ನನ್ನನ್ನು ಗೌರವದಿಂದ ಹೆಸರಿಸಿದ್ದಾರೆ, ಹಿಂದಿನವರಿಗೆ ಇದು ಕಂಡಿರಲಿಲ್ಲ ಎಂದು, ಕಂಡಿತ್ತು, ಕಂಡವಳನ್ನು ನಾನು ಸುಮ್ಮನಾಗಿಸಿದೆ, ಇಷ್ಟನ್ನು ಬರೆಯಲು ಎರಡು ಸಾಲು ಸಾಕು, ಬೆಳಗ್ಗೆಯಿಂದ ಬರೆದು ಅಳಿಸುತ್ತಿದ್ದೇನೆ, ಬರೆದುಬಿಡಿ ಅತ್ಲಾಗೆ ಅಂದಳು ಹೆಂಡತಿ, ಹೋಗೋ ಮಾನ ಹನ್ನೆರಡು ವರ್ಷದ ಹಿಂದೇನೇ ಹೋಗಿದೆ — ಟಿಕ್, ಹೊಸ ಗಾಜು, ಈಗ ಸರ್, ಒಂದಾ, ಎರಡಾ, ಹುಡುಗಿಯ ಪೆನ್ನು ಕಾಯುತ್ತಿದೆ, ನಾಲಿಗೆ ಒಂದೇ ಎನ್ನಲು ಹೊರಡುತ್ತದೆ, ಕೆಮ್ಮು ಕೇಳಿಸುವುದಿಲ್ಲ, ಎರಡು ಎನ್ನುತ್ತೇನೆ, ಮೊದಲಿಂದಲೂ ಎರಡೇ ಇತ್ತಮ್ಮ, ಅಯ್ಯೋ ಆಗಲೇ ಹೇಳೋದಲ್ವಾ ಸರ್, ಬರೆದದ್ದನ್ನು ಹೊಡೆದುಹಾಕುತ್ತಾಳೆ, ಒಂದು ಗೆರೆ, ಎಷ್ಟು ಸುಲಭ, ಸಂಜೆಗೆ ನಾನೂ ಇಷ್ಟೇ ಬರೆಯಬೇಕು, ಬರೆಯುತ್ತೇನೆ, ಬರೆದರೂ ಆ ಪುಟ ಹಾಗೆಯೇ ಇರುತ್ತದೆ, ಎತ್ತರದ್ದು, ಅದರ ಹೆಗಲಿಗೆ ಅರ್ಧ ಎತ್ತರದ್ದು, ಚುಕ್ಕೆ ಚುಕ್ಕೆಯಾಗಿ, ಮೇಲೆ ಅವಳ ಕೈಯಿಂದ ನಾನು ಎಳೆಸಿದ ಕೆಂಪು ಗೆರೆ